ಡಿನ್ನರ್ ಅಂದ್ರ ಎಷ್ಟು ಗಂಟೆಗೆ?

ತಂಗಿ, ಕಲಬುರಗಿಯಾಗ ಪರೀಕ್ಷಾ ಪಾಸಾಗಿ ಇಂಗ್ಲೆಂಡಿನ ಲೀಡ್ಸ್‌ನಾಗ ನರ್ಸ್ ಕೆಲಸ ಸಿಕ್ಕದ ಅಂತ ಓದಿ ಭಾಳ ಖುಷಿ ಆಯ್ತು. ‘ನಮ್ಮ ಇಂಗ್ಲಿಷ್ ಕೇಳಿ ಅಲ್ಲಿಯವರಿಗೆ ಕಿರಿಕಿರಿ ಆಗ್ತದಂತ, ಖರೇನಾ ಅಕ್ಕಾ?’ ಅಂತ ಕೇಳಿದಿ. ನಾ ಬೀದರದಾಕಿ, ಇದೇ ಲೀಡ್ಸ್‌ನಾಗ ವಾರ್ಡಿನ ಕೆಲಸಕ್ಕ ನಿಂತು 14 ವರ್ಷ ಆಯ್ತು.

ಒಂದೆರಡು ಮಾತಿಗೆ ಆಗ್ತದ, ಖರೆ. ‘ಐ ಹ್ಯಾವ್ ಎ ಡೌಟ್’ ಅನ್ನೋದು ಬಿಟ್ಟುಬಿಡು. ನಮಗ ಅದು ಬರೇ ಪ್ರಶ್ನೆ, ಇಲ್ಲಿ ಅಪನಂಬಿಕೆ. ಡಾಕ್ಟರ್ ಬರದ ಔಷಧಕ್ಕ ಡೌಟ್ ಅಂದ್ರ ಅವರ ಮುಖ ಸಣ್ಣದಾಗ್ತದ. ‘ಕಾಲೇಜಿಂದ ಪಾಸ್ ಔಟ್ ಆದೆ’ ಅಂದ್ರ ಎಚ್ಚರ ತಪ್ಪಿ ಬಿದ್ದಿ ಅಂತ ತಿಳೀತಾರ. ‘ಡೂ ದಿ ನೀಡ್‌ಫುಲ್’ ಇವರ ಮುತ್ತಜ್ಜರೇ ನಮಗ ಕಲಿಸಿ ಹೋದದ್ದು; ಇವರು ಮರ್ತಾರ, ನಾವು ಜ್ವಾಕ್ಯಾಗಿ ಇಟ್ಕೊಂಡೀವಿ. ನಾಚಬೇಕಾದ್ದೇನಿಲ್ಲ, ಆದ್ರ ಓದೋರಿಗೆ ತಿಳೀಬೇಕಲ್ಲ, ಏನು ಬೇಕೋ ಅದನ್ನೇ ಬಿಡಿಸಿ ಬರಿ.

ನಿನ್ನ ಮಾತಿಗಿಂತ ಅವರ ಮಾತಿಂದೇ ನನಗ ಹೆಚ್ಚಿನ ಚಿಂತಿ. ಬಂದ ಹೊಸದಾಗ ಒಬ್ಬ ಅಜ್ಜಾರಿಗೆ ಸಂಜಿಮುಂದ ಆಪರೇಷನ್ ಇತ್ತು. ಏನರ ತಿಂದೀರೇನು ಅಂತ ಕೇಳಿದೆ. ‘ನೌಟ್ ಸಿನ್ಸ್ ಡಿನ್ನರ್, ಲವ್’ ಅಂದ್ರು. ನೌಟ್ ಅಂದ್ರ ಏನೂ ಇಲ್ಲ ಅಂತ ಅಷ್ಟೊತ್ತಿಗೆ ಕಲ್ತಿದ್ದೆ. ಡಿನ್ನರ್ ಸಾಲಿಯಾಗಿಂದ ಗೊತ್ತಿದ್ದ ಪದ, ಅದಕ್ಕ ಕೇಳಲೇ ಇಲ್ಲ. ನಿನ್ನೆ ರಾತ್ರಿಯಿಂದ ಉಪಾಸ ಅಂತ ಚಾರ್ಟಿನಾಗ ಬರದೆ. ಲೀಡ್ಸ್ ಇರೋ ಈ ಯಾರ್ಕ್‌ಶೈರ್ ಸೀಮಿಯ ಹಳೇ ಮಂದಿಗೆ ಡಿನ್ನರ್ ಅಂದ್ರ ಮಧ್ಯಾಹ್ನದ ಊಟ, ಸಂಜಿ ಊಟಕ್ಕ ಟೀ ಅಂತಾರ! ಅಜ್ಜಾರು ಮನ್ಯಾಗ ಒಂದು ಗಂಟೆಗೆ ಹೊಟ್ಟಿ ತುಂಬ ಉಂಡು ಬಂದಿದ್ರು. ಅರಿವಳಿಕೆಗೆ ಮೊದಲ 6 ತಾಸು ಏನೂ ತಿಂದಿರಬಾರದು. ಹಿರೇ ನರ್ಸ್ ಒಬ್ಬರು ‘ಎಷ್ಟು ಗಂಟೆಗೆ?’ ಅಂತ ಇನ್ನೊಮ್ಮೆ ಕೇಳಿದ್ದಕ್ಕ ಪಾರಾದ್ವಿ. ನಾ ಬರದ ಸಾಲಿನ ಮ್ಯಾಲ ಗೀಟು ಹೊಡ್ಯಾಗ ಕೈ ನಡಗ್ತಿತ್ತು. ಅವತ್ತಿಂದ ನಾ ಊಟದ ಹೆಸರು ಹಿಡದು ಕೇಳೋದಿಲ್ಲ, ಗಡಿಯಾರದ ಹೊತ್ತು ಕೇಳ್ತೀನಿ.

‘ಪೂರ್ಲಿ’ ಅಂದ್ರ ಆರಾಮಿಲ್ಲ. ‘ವೆರಿ ಪೂರ್ಲಿ’ ಅಂತ ಡಾಕ್ಟರ್ ಅಂದ್ರ ಮನಿಯವರನ್ನ ಕರೆಸೋ ಹೊತ್ತು. ಅಜ್ಜಿ ‘ಸ್ಪೆಂಡ್ ಎ ಪೆನ್ನಿ’ ಅಂದ್ರ ಜಲ್ದಿ ಬಾತ್‌ರೂಮಿಗೆ ಕರ್ಕೊಂಡು ಹೋಗು. ‘ನೈನ್ ವೈಲ್ ಫೈವ್’ ಅಂದ್ರ 9ರಿಂದ 5ರ ತನಕ. ಹಾಫ್ ಸೆವೆನ್ ನಮ್ಮ ಏಳೂವರಿ, ಸಲೀಸು. ‘ಯೂ ಆಲ್‌ರೈಟ್?’ ಅಂತ ಎದುರಿಗೆ ಬಂದವರೆಲ್ಲ ಕೇಳ್ತಾರ, ನಮ್ಮಲ್ಲಿ ‘ಊಟ ಆಯ್ತೇನ್ರಿ’ ಅಂದಂಗ. ಮುದುಕರು ‘ಲವ್’ ಅಂತ ಕರದ್ರ ಬೇಜಾರ ಮಾಡ್ಕೋಬ್ಯಾಡ, ಅದು ನಮ್ಮ ‘ಯವ್ವಾ’ ಇದ್ದಂಗ.

ಪ್ಯಾಟ್ಯಾಗ ಕಿರ್ಕ್‌ಗೇಟ್, ಬ್ರಿಗೇಟ್ ಅಂತ ಬೀದಿಗಳವ. ಅಲ್ಲಿ ಬೀದರ್ ಕೋಟೆಯ ಶರ್ಜಾ ದರ್ವಾಜಾದಂಥ ಬಾಗಲ ಹುಡುಕಬ್ಯಾಡ. ಗೇಟ್ ಅಂದ್ರ ಬೀದಿ, ಹಿಂದಕ ಸಮುದ್ರ ದಾಟಿ ಬಂದು ಇಲ್ಲಿ ಆಳಿದ ವೈಕಿಂಗರು ಬಿಟ್ಟು ಹೋದ ಪದ. 1948ರ ತನಕ ಆಳಿದ ನಿಜಾಮರ ಉರ್ದು ನಮ್ಮ ಕನ್ನಡದಾಗ ಉಳದಂಗ. ನಮ್ಮ ಮಾತು ಕೇಳಿ ಬೆಂಗಳೂರಿನಾಗ ನಗೋರು ಇದ್ದಂಗ, ಇವರ ಮಾತಿಗೆ ಲಂಡನ್ನಿನಾಗ ನಗೋರು ಇದ್ದಾರ. ಹಿಂಗಾಗಿ ‘ಇನ್ನೊಮ್ಮೆ ಹೇಳ್ರಿ’ ಅಂದ್ರ ಇಲ್ಲಿಯವರು ಸಿಟ್ಟಾಗೋದು ನಾ ಕಂಡಿಲ್ಲ.

ಸೇರೋ ತಾರೀಖು ಗೊತ್ತಾದ ಕೂಡಲೇ ತಿಳಿಸು. ಯಾವ ವಾರ್ಡು ಅಂತನೂ ಹೇಳು, ಮುದುಕರ ವಾರ್ಡಾದ್ರ ಇನ್ನೂ ಒಂದಿಷ್ಟು ಪದ ಬರದು ಕಳಸ್ತೀನಿ.