ಕೀಮೋ ಸಮಯದಲ್ಲಿ ಮನೆಯಲ್ಲೇ ಬೆಳೆದ ಸೊಪ್ಪು, ಮೊಳಕೆಕಾಳು
ಅಮ್ಮನಿಗೆ ಕ್ಯಾನ್ಸರ್‌ಗೆ ಕೀಮೋ ಚಿಕಿತ್ಸೆ ನಡೀತಿದೆ, ಕುಂಡದ ಸೊಪ್ಪು, ಮೊಳಕೆಕಾಳು ಹಸಿಯಾಗೇ ಕೊಡಬಹುದಾ ಅಂತ ಕೇಳಿದ್ದೀರಿ. ಸೊಪ್ಪು ಕೊಡಿ, ಆದರೆ ಚೆನ್ನಾಗಿ ತೊಳೆದು ಬೇಯಿಸಿ. ಹಸಿ ಮೊಳಕೆ ಮಾತ್ರ ಬೇಡವೇ ಬೇಡ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ಸಾಲ್ಮೊನೆಲ್ಲಾ, ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾಗಳಿಗೂ ಹೇಳಿ ಮಾಡಿಸಿದ ಜಾಗ, ಅವು ಬೀಜದ ಸಣ್ಣ ಬಿರುಕಲ್ಲೇ ಕೂತಿರುತ್ತವೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಕೀಮೋದಿಂದ ಬಿಳಿ ರಕ್ತಕಣ ಕಮ್ಮಿ ಆಗಿರುವವರಿಗೆ ಸೋಂಕಾಗಲು ಅಷ್ಟು ಸಾಕು. ಮೊಳಕೆಯನ್ನೂ ಹಬೆಯಾಡುವಷ್ಟು ಬೇಯಿಸಿ ಕೊಡಿ. ವಾಕರಿಕೆ ಇದ್ದರೆ ಸ್ವಲ್ಪ ಆರಲಿ, ಬಿಸಿ ವಾಸನೆಯೇ ಜಾಸ್ತಿ ಕಾಡುವುದು ಅಲ್ವಾ. ತೂಕ ಇಳಿಯುತ್ತಿದ್ದರೆ ಬರೀ ಸೊಪ್ಪಿನಲ್ಲೇ ಹೊಟ್ಟೆ ತುಂಬಿಸಬೇಡಿ, ಬೇಳೆಕಾಳು ಮುಂದಿರಲಿ. ಕುಂಡದ ಮಣ್ಣು ನೀವೇ ಕೆದಕಿ. ಒಣಗೊಬ್ಬರದಿಂದ ಏಳುವ ಧೂಳಿನಲ್ಲಿ ಶಿಲೀಂಧ್ರದ ಬೀಜಕಣಗಳಿರುತ್ತವೆ. ಅಮ್ಮ ದೂರ ಕೂತು ಸುಮ್ನೆ ತಪ್ಪು ಹೇಳುತ್ತಿರಲಿ. ಮುಂದಿನ ರಕ್ತಪರೀಕ್ಷೆ ಬಂದಾಗ ಹಸಿ ಹಣ್ಣಿನ ಬಗ್ಗೆ ಡಾಕ್ಟರನ್ನು ಕೇಳಿ.