ಮೇಜಿನ ಮೇಲೆ ಓಡೋ ಸೆನ್ಸರ್ 12 ಮೀಟರ್ ದೂರ ಹೋದ್ರೆ ಯಾಕೆ ಕೈಕೊಡತ್ತೆ?

ಪ್ರಶ್ನೆ: ಸರ್, ನಮ್ಮ ಅಣಬೆ ಶೆಡ್‌ಗೆ ತಾಪಮಾನ, ತೇವಾಂಶ ಅಳೆಯೋ ಬಿಎಂಇ280 ಸೆನ್ಸರ್ ಹಾಕಿದೀನಿ, ಅದನ್ನ ಓದೋ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಮನೆ ಒಳಗಿದೆ. ಮೇಜಿನ ಮೇಲೆ ಚೆನ್ನಾಗಿ ಓಡ್ತಿತ್ತು. ಈಗ 12 ಮೀಟರ್ ಲ್ಯಾನ್ ಕೇಬಲ್ ಎಳೆದ ಮೇಲೆ ಸೆನ್ಸರ್ ಹುಡುಕೋ ಸ್ಕ್ಯಾನರ್ ಪ್ರೋಗ್ರಾಂನಲ್ಲಿ ಅದರ ಅಡ್ರೆಸ್ ಒಮ್ಮೊಮ್ಮೆ ಬರತ್ತೆ, ಒಮ್ಮೊಮ್ಮೆ ಇಲ್ಲ, ಎಕ್ಸಾಸ್ಟ್ ಫ್ಯಾನ್ ಆನ್ ಆದ್ರೆ ಪೂರ್ತಿ ಹ್ಯಾಂಗ್. ಈಗಿರೋ ಐ2ಸಿ (ಎರಡು ಸಿಗ್ನಲ್ ವೈರ್‌ನಲ್ಲಿ ಚಿಪ್‌ಗಳು ಮಾತಾಡೋ ಪದ್ಧತಿ) ಬಿಟ್ಟು ಅಂಥದ್ದೇ ಇನ್ನೊಂದು ಪದ್ಧತಿ ಎಸ್‌ಪಿಐಗೆ ಹೋಗ್ಲಾ?

ಉತ್ತರ: ಸೆನ್ಸರ್ ಬದಲಾಯಿಸೋಕೆ ಹೋಗ್ಬೇಡಿ, ಅದು ಸರಿಯಾಗೇ ಇದೆ, ತೊಂದರೆ ಇರೋದು ಕೇಬಲ್‌ನಲ್ಲಿ. ಫಿಲಿಪ್ಸ್‌ನವರು 1982ರಲ್ಲಿ ಐ2ಸಿ ಮಾಡಿದ್ದೇ ಒಂದು ಬೋರ್ಡ್ ಒಳಗಿನ ಚಿಪ್‌ಗಳು ಮಾತಾಡ್ಕೊಳ್ಳಲಿ ಅಂತ. ಇದ್ರಲ್ಲಿ ಚಿಪ್‌ಗಳು ಲೈನ್‌ನ ವೋಲ್ಟೇಜನ್ನ ಕೆಳಗೆ ಎಳೀತಾವೆ ಅಷ್ಟೆ, ಮೇಲೆ ಎತ್ತೋದು ಪುಲ್‌ಅಪ್ ರೆಸಿಸ್ಟರ್ ಒಂದೇ. ಲ್ಯಾನ್ ಕೇಬಲ್‌ಗೆ ಮೀಟರಿಗೆ ಸುಮಾರು 50 ಪಿಕೋಫ್ಯಾರಡ್ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡೋ ಗುಣ) ಅಂದ್ರೂ ನಿಮ್ಮ 12 ಮೀಟರ್‌ಗೆ 600 ಆಯ್ತು, ಐ2ಸಿ ಮಿತಿ 400. ಮಾಡ್ಯೂಲ್ ಮೇಲೆ ಸಾಮಾನ್ಯವಾಗಿ ಇರೋದು 10ಕೆ (10,000 ಓಮ್) ರೆಸಿಸ್ಟರ್, ಅದ್ರಲ್ಲಿ ಇಷ್ಟು ಕೆಪಾಸಿಟನ್ಸ್ ತುಂಬೋದು ಅಂದ್ರೆ ಸಣ್ಣ ನಲ್ಲಿಯಿಂದ ದೊಡ್ಡ ಡ್ರಮ್ ತುಂಬಿಸಿದ ಹಾಗೆ, ಲೈನ್ ಮೇಲೇಳೋಕೆ 5 ಮೈಕ್ರೋಸೆಕೆಂಡ್ ಹತ್ರ ಬೇಕು. ಐ2ಸಿಯ ಮಾಮೂಲಿ 100 ಕಿಲೋಹರ್ಟ್ಸ್ ಸ್ಪೀಡ್‌ನಲ್ಲಿ 1 ಮೈಕ್ರೋಸೆಕೆಂಡ್ ಒಳಗೆ ಏಳ್ಬೇಕು, ಇಡೀ ಕ್ಲಾಕ್ ಸೈಕಲ್ ಇರೋದೇ 10, ಹಾಗಾಗಿ ಲೈನ್ ಮೇಲೆ ಬರೋ ಅಷ್ಟರಲ್ಲಿ ಮತ್ತೆ ಕೆಳಗೆ ಎಳೆಯೋ ಹೊತ್ತು ಬಂದಿರತ್ತೆ.

ಇವತ್ತೇ ಮಾಡ್ಬಹುದಾದ್ದು: ಎಸ್‌ಡಿಎ (ಡೇಟಾ ವೈರ್), ಎಸ್‌ಸಿಎಲ್ (ಕ್ಲಾಕ್ ವೈರ್) ಎರಡಕ್ಕೂ 3.3 ವೋಲ್ಟ್‌ಗೆ ಒಂದೊಂದು 2.2ಕೆ ರೆಸಿಸ್ಟರ್ ಹಾಕಿ, ಕೋಡ್‌ನಲ್ಲಿ ಕ್ಲಾಕನ್ನ 10 ಕಿಲೋಹರ್ಟ್ಸ್‌ಗೆ ಇಳಿಸಿ. ತೇವಾಂಶ ನಿಮಿಷಕ್ಕೊಮ್ಮೆ ಓದೋರಿಗೆ ಸ್ಪೀಡ್ ಯಾಕೆ ಬೇಕು ಹೇಳಿ. ಇನ್ನೊಂದು, ಎಸ್‌ಡಿಎ ಮತ್ತು ಎಸ್‌ಸಿಎಲ್‌ನ ಒಂದೇ ಜೋಡಿ ವೈರ್‌ನಲ್ಲಿ ಹಾಕ್ಬೇಡಿ, ಒಂದರ ಸಿಗ್ನಲ್ ಇನ್ನೊಂದಕ್ಕೆ ಹತ್ತತ್ತೆ, ಎರಡಕ್ಕೂ ಬೇರೆ ಬೇರೆ ಜೋಡಿ ಕೊಟ್ಟು ಪ್ರತಿಯೊಂದರ ಜೊತೆಗೆ ಗ್ರೌಂಡ್ ವೈರ್ ಹಾಕಿ. ಇದನ್ನ ಎಷ್ಟೋ ಜನ ತಪ್ಪು ಮಾಡ್ತಾರೆ.

ಆದ್ರೆ ಫ್ಯಾನ್ ಕಾಟ ಇದ್ರಿಂದ ಹೋಗಲ್ಲ. ಮೋಟರ್ ಸ್ಪೈಕ್‌ಗೆ ಒಂದು ಕ್ಲಾಕ್ ಹೆಚ್ಚುಕಮ್ಮಿ ಆದ್ರೆ ಸೆನ್ಸರ್ ಎಸ್‌ಡಿಎನ ಕೆಳಗೆ ಹಿಡ್ಕೊಂಡೇ ಕೂತ್ಬಿಡತ್ತೆ, ನಿಮಗೆ ಹ್ಯಾಂಗ್ ಥರ ಕಾಣೋದು ಅದೇ ಇರ್ಬೇಕು. ಎಸ್‌ಸಿಎಲ್‌ನಲ್ಲಿ 9 ಪಲ್ಸ್ ಕೊಟ್ರೆ ಸಾಮಾನ್ಯವಾಗಿ ಬಿಡತ್ತೆ, ದಿನಾ ಅದನ್ನೇ ಮಾಡ್ತಾ ಕೂರೋಕಾಗತ್ತಾ?

ಎಸ್‌ಪಿಐ ಬೇಡ, ಅದೂ ಬೋರ್ಡ್ ಒಳಗಿನದೇ, ವೈರ್ ಬೇರೆ ಜಾಸ್ತಿ. ನನ್ನ ಕೇಳಿದ್ರೆ ಉದ್ದದ ಕೇಬಲ್‌ಗೆ ಅಂತಲೇ ಇರೋ ಆರ್‌ಎಸ್485 ಪದ್ಧತಿ ಹಾಕಿ. ಶೆಡ್ ಒಳಗೆ ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಇಟ್ಟು ಸೆನ್ಸರನ್ನ ಅಲ್ಲೇ ಗೇಣುದ್ದ ವೈರ್‌ನಲ್ಲಿ ಓದಿಸಿ, ಅಲ್ಲಿಂದ ಮನೆಗೆ ಅದೇ ಕೇಬಲ್‌ನ ಒಂದು ಜೋಡಿಯಲ್ಲಿ ಕಳಿಸಿ, ಗ್ರೌಂಡ್‌ಗೂ ಒಂದು ವೈರ್ ಬಿಡಿ. ಎರಡು ವೈರ್ ಮಧ್ಯದ ವ್ಯತ್ಯಾಸವನ್ನೇ ಓದೋದ್ರಿಂದ ಎರಡಕ್ಕೂ ಒಂದೇ ಥರ ಬಂದ ಫ್ಯಾನ್ ಗದ್ದಲ ಅಲ್ಲೇ ವಜಾ ಆಗತ್ತೆ, ಕಡಿಮೆ ಸ್ಪೀಡ್‌ನಲ್ಲಿ 1200 ಮೀಟರ್‌ವರೆಗೂ ಹೋಗತ್ತೆ. ಆ ಜೋಡಿಯ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿ. ಇಎಸ್‌ಪಿ32 ಕಡೆಗೆ ಮ್ಯಾಕ್ಸ್485 ಅನ್ನೋ ಆರ್‌ಎಸ್485 ಚಿಪ್ ತಗೋಬೇಡಿ, ಅದು 5 ವೋಲ್ಟ್‌ದು, 3.3ಕ್ಕೆ ಮ್ಯಾಕ್ಸ್3485 ಕೇಳಿ ತಗೊಳ್ಳಿ.