ಕಡಲ ವಾಸನೆ ಮತ್ತು ಕಾರ್ಬೊನಿಲ್ ಸಲ್ಫೈಡ್

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಮೂಗಿಗೆ ಬಡಿಯುವ ಸಮುದ್ರದ ವಾಸನೆಗೆ ಗಂಧಕದ ಅನಿಲವೊಂದು ಕಾರಣವೆಂದು ಓದಿದೆ. ಕಾರ್ಬೊನಿಲ್ ಸಲ್ಫೈಡ್ ಎಂದರೆ ಅದೇ ಏನು? ಘಟ್ಟದ ಮೇಲಿನ ನಮ್ಮ ಅಡಿಕೆ ತೋಟಗಳಿಗೆ ಅದರಿಂದ ಹಾನಿಯುಂಟೆ?
– ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲ, ಅವೆರಡೂ ಬೇರೆ ಬೇರೆ. ನೀವು ಹೇಳುವ ವಾಸನೆಯಲ್ಲಿ ದೊಡ್ಡ ಪಾಲು ಡೈಮೀಥೈಲ್ ಸಲ್ಫೈಡ್‌ನದು (ಒಣಮೀನಿನ ವಾಸನೆಯ ಮಾತು ಬೇರೆ). ಕಡಲಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ತಯಾರಿಸುವ ಸಂಯುಕ್ತವೊಂದು ಒಡೆದು ಹುಟ್ಟುವ ಈ ಅನಿಲವು ಗಾಳಿಗೆ ಸೇರಿದ ಒಂದೆರಡು ದಿನಗಳಲ್ಲೇ ಉತ್ಕರ್ಷಣಗೊಳ್ಳುತ್ತದೆ; ಅದರ ಒಂದಂಶದಿಂದಾಗುವ ಸಲ್ಫೇಟ್ ಕಣಗಳ ಮೇಲೆ ಮೋಡದ ಹನಿಗಳು ಕಟ್ಟಿಕೊಳ್ಳುತ್ತವೆ.

ಕಾರ್ಬೊನಿಲ್ ಸಲ್ಫೈಡ್‌ಗೂ ಕಡಲೇ ದೊಡ್ಡ ಮೂಲ. ನೀರಿನಲ್ಲಿ ಕರಗಿದ ಸಾವಯವ ವಸ್ತುವಿನ ಮೇಲೆ ಬಿಸಿಲು ಬಿದ್ದಾಗ ಅದು ಉಂಟಾಗುತ್ತದೆ. ಗಾಳಿಯ ಒಂದು ಲಕ್ಷ ಕೋಟಿ ಅಣುಗಳಲ್ಲಿ ಇದರವು ಸುಮಾರು 500 ಮಾತ್ರ. ಆದರೂ ವಾತಾವರಣದಲ್ಲಿರುವ ಗಂಧಕದ ಅನಿಲಗಳಲ್ಲಿ ಇದೇ ಹೆಚ್ಚು, ಏಕೆಂದರೆ ಬೇರೆಯವುಗಳಂತೆ ಬೇಗ ಪ್ರತಿವರ್ತಿಸಿ ಮುಗಿದುಹೋಗದೆ ಎರಡು ವರ್ಷದಷ್ಟು ಕಾಲ ಉಳಿಯುತ್ತದೆ. ಈ ದೀರ್ಘಾಯುಷ್ಯದಿಂದಾಗಿಯೇ ಅದು ಮೋಡಗಳನ್ನು ದಾಟಿ ಸಮೋಷ್ಣ ಮಂಡಲವನ್ನು ತಲುಪುತ್ತದೆ, ಅಲ್ಲಿನ ಅತಿನೇರಳೆ ಕಿರಣಗಳಿಗೆ ಒಡೆದು ಗಂಧಕದ ಡೈಆಕ್ಸೈಡ್ ಆಗಿ, ಕೊನೆಗೆ ಗಂಧಕಾಮ್ಲದ ಅತಿಸೂಕ್ಷ್ಮ ಹನಿಗಳಾಗುತ್ತದೆ. ದೊಡ್ಡ ಜ್ವಾಲಾಮುಖಿಗಳು ಸಿಡಿಯದ ವರ್ಷಗಳಲ್ಲಿಯೂ ಆ ಎತ್ತರದಲ್ಲಿ ಇಂಥ ಹನಿಗಳ ಪದರ ಉಳಿಯುವುದಕ್ಕೆ ಈ ಅನಿಲ ಕಾರಣವಾಗಿರಬೇಕೆಂದು, ಮುಂದೆ 1995ರಲ್ಲಿ ನೊಬೆಲ್ ಪಡೆದ ಪಾಲ್ ಕ್ರುಟ್ಸೆನ್ 1976ರಲ್ಲೇ ಸೂಚಿಸಿದ್ದರು. ಆ ಹನಿಗಳು ಬಿಸಿಲನ್ನು ಸ್ವಲ್ಪ ಹಿಂದಕ್ಕೆ ಚದುರಿಸುತ್ತವೆ. ಅವುಗಳ ಮೈಮೇಲೆ ನಡೆಯುವ ರಾಸಾಯನಿಕ ಕ್ರಿಯೆಗಳು ಓಝೋನ್‌ನ ಮೇಲೂ ಪರಿಣಾಮ ಬೀರುತ್ತವೆ.

ಇನ್ನು ತೋಟದ ವಿಚಾರ. ಇಷ್ಟು ಅಲ್ಪ ಪ್ರಮಾಣದ ಅನಿಲದಿಂದ ಗಿಡಗಳಿಗೆ ಕೇಡಿಲ್ಲ; ಗಿಡಗಳೇ ಅದನ್ನು ನುಂಗುತ್ತವೆ. ಎಲೆಯ ಪತ್ರರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್‌ನ ಜೊತೆಗೇ ಒಳಹೊಕ್ಕ ಈ ಅನಿಲವನ್ನು ಕಾರ್ಬೊನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವು ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಆಗಿ ಒಡೆಯುತ್ತದೆ. ಇಂಗಾಲದ ಡೈಆಕ್ಸೈಡ್ ಆದರೋ ಗಿಡಗಳ ಉಸಿರಾಟದಲ್ಲಿ ಮರಳಿ ಹೊರಬರುವುದರಿಂದ, ಕಾಡು ನಿಜಕ್ಕೂ ಎಷ್ಟು ಹೀರಿತೆಂಬ ಲೆಕ್ಕ ಗೋಜಲಾಗುತ್ತದೆ. ಹೀಗೆ ಒಳಹೋದ ಕಾರ್ಬೊನಿಲ್ ಸಲ್ಫೈಡ್ ಬಹುಮಟ್ಟಿಗೆ ಹಿಂದಿರುಗದ ಕಾರಣ, ಅದರ ಇಳಿಕೆಯನ್ನು ಅಳೆದು ಕಾಡಿನ ದ್ಯುತಿಸಂಶ್ಲೇಷಣೆಯನ್ನು ಅಂದಾಜಿಸುವ ವಿಧಾನ ಬಳಕೆಗೆ ಬಂದಿದೆ. ನನ್ನ ಮಟ್ಟಿಗೆ ಈ ಅನಿಲದ ಅತ್ಯಂತ ಸ್ವಾರಸ್ಯಕರ ಸಂಗತಿ ಇದೇ.

ಮಳೆಗಾಲದಲ್ಲಿ ಅಡಿಕೆ ಉದುರುವುದನ್ನು ಕಂಡು ಈ ಶಂಕೆ ಮೂಡಿದ್ದರೆ, ಆ ಕೊಳೆರೋಗಕ್ಕೆ ಕಾರಣ ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಎಂದಿನಂತೆ ಸಿಂಪಡಿಸಿ.